ಅಜ್ಜಿಮನೆಯ ಹಂಚಿನ ಮಾಡಿನ ಕೆಳಗೆ ನಮ್ಮ ಆಫೀಸು

ಮೊದಲು ಹಳೆಯ ಆಫೀಸಿನ ವಿಷಯ ಹೇಳಿಬಿಡುತ್ತೇನೆ. ನಮ್ಮದು ಲೆಕ್ಕಪತ್ರದ ಕೆಲಸ. ಜಿಎಸ್‌ಟಿ, ಆದಾಯ ತೆರಿಗೆ, ಸಣ್ಣ ಸಂಘಗಳ ಲೆಕ್ಕ. ಒಟ್ಟು ಒಂಬತ್ತು ಜನ. ಮಂಗಳೂರು ಪೇಟೆಯ ನಡುವೆ ಒಂದು ಕಾಂಪ್ಲೆಕ್ಸಿನ ಮೂರನೇ ಮಹಡಿಯಲ್ಲಿ ಏಳು ವರ್ಷ ಇದ್ದೆವು. ಪಶ್ಚಿಮಕ್ಕೆ ಇಡೀ ಗೋಡೆಯೇ ಗಾಜು. ತೆರೆಯುವ ಕಿಟಕಿ ಒಂದೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು ತಡೆಯಲು ಪರದೆ, ಪರದೆ ಎಳೆದರೆ ಕತ್ತಲೆ, ಕತ್ತಲೆಗೆ ಟ್ಯೂಬ್‌ಲೈಟು, ಸೆಕೆಗೆ ಮೂರು ಎಸಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಊರಿದು. ಆದರೂ ಮಳೆ ಬಂದು ಹೋದದ್ದು ಸಂಜೆ ಕೆಳಗಿಳಿದು, ಒದ್ದೆ ರಸ್ತೆ ನೋಡಿದ ಮೇಲೇ ನಮಗೆ ಗೊತ್ತಾಗುತ್ತಿತ್ತು.

ಅಲ್ಲಿಯೂ ಒಂದು ಪ್ರಯತ್ನ ಮಾಡಿದ್ದೆವು. ಗಾಳಿ ಶುದ್ಧ ಮಾಡುತ್ತವೆ ಅಂತ 22 ಚಟ್ಟಿ ಗಿಡ ತಂದು ಸಾಲಾಗಿ ಇಟ್ಟೆವು. ಆರು ತಿಂಗಳಲ್ಲಿ ಉಳಿದದ್ದು ಐದು. ಆಮೇಲೆ ಓದಿ ನೋಡಿದೆ. ಗಿಡ ಗಾಳಿ ತೊಳೆಯುತ್ತದೆ ಎಂಬ ಮಾತಿಗೆ ಎಲ್ಲರೂ ತೋರಿಸುವುದು ನಾಸಾದ 1989ರ ಪ್ರಯೋಗವನ್ನು. ಅದು ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ್ದು. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ 2019ರ ಒಂದು ಲೇಖನದ ಲೆಕ್ಕ ಬೇರೆಯೇ ಉಂಟು: ಸಾಧಾರಣ ಕಟ್ಟಡದಲ್ಲಿ ಗಾಳಿ ತಾನಾಗಿ ಹೊರಗೆ ಒಳಗೆ ಆಗುವಾಗ ಎಷ್ಟು ಶುದ್ಧವಾಗುತ್ತದೋ ಅಷ್ಟನ್ನು ಗಿಡಗಳಿಂದಲೇ ಮಾಡಿಸಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ಅಂದರೆ ಕಿಟಕಿ ತೆರೆಯುವುದೇ ಸರಿಯಾದ ದಾರಿ. ನಮಗೆ ಕಿಟಕಿಯೇ ಇರಲಿಲ್ಲ.

ಆದರೆ ಗಿಡ ನೋಡಿದರೆ ಮನಸ್ಸಿಗೆ, ಮೈಗೆ ಒಳ್ಳೆಯದಾಗುತ್ತದೆ ಎಂಬುದು ಸುಮ್ನೆ ಹೇಳುವ ಮಾತಲ್ಲ. 1984ರಲ್ಲಿ ರೋಜರ್ ಉಲ್ರಿಚ್ ಎಂಬವರು 'ಸೈನ್ಸ್' ಪತ್ರಿಕೆಯಲ್ಲಿ ಬರೆದದ್ದು ಉಂಟು. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಆದ 46 ಮಂದಿಯ ದಾಖಲೆ ನೋಡಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು, ಇಟ್ಟಿಗೆ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು. ನೋವಿನ ಜೋರು ಮದ್ದೂ ಅವರಿಗೆ ಕಡಿಮೆ ಬೇಕಾಗಿತ್ತು. ಅದನ್ನು ಓದಿದ ದಿನ ನಮ್ಮ ಹಿರಿಯ ಗುಮಾಸ್ತರಿಗೆ ತೋರಿಸಿದೆ. ಅವರು ಪರದೆ ಸ್ವಲ್ಪ ಸರಿಸಿ ಹೊರಗೆ ನೋಡಿದರು. ಎದುರು ಕಟ್ಟಡದ ಗಾಜು ಕಂಡಿತು.

ಮಂಗಳೂರಿನದ್ದೇ ಜೆಪ್ಪಿನ ಕಡೆ ನನ್ನ ಅಜ್ಜಿಮನೆ ಖಾಲಿ ಬಿದ್ದಿತ್ತು. ಮಾವ ಬೊಂಬಾಯಿಯಲ್ಲಿದ್ದಾರೆ. ಹಿಂದೆ ಗೋದಾಮಿಗೆ ಬಾಡಿಗೆ ಕೊಟ್ಟಿದ್ದರು, ಅವರೂ ಬಿಟ್ಟು ಹೋಗಿದ್ದರು. ಫೋನು ಮಾಡಿದೆ. "ಮಾಡು ಬೀಳುವ ಮೊದಲು ಯಾರಾದರೂ ಒಳಗಿರಲಿ, ನೀನೇ ಇರು" ಅಂದರು ಮಾವ. ಬಾಡಿಗೆಯ ಬದಲು ರಿಪೇರಿ ಖರ್ಚು ನಮ್ಮದು, ಐದು ವರ್ಷಕ್ಕೆ ಕರಾರು.

ಡಿಸೆಂಬರ್ ಮೊದಲ ವಾರ ಕೆಲಸ ಶುರು. ಮೊದಲ ದಿನ ಏನನ್ನೂ ಕಟ್ಟಲಿಲ್ಲ, ಬರೀ ಬಿಚ್ಚಿದೆವು. ಗೋದಾಮಿನವರು ಚಾವಡಿಗೆ ಪ್ಲೈವುಡ್ಡಿನ ಸೀಲಿಂಗ್ ಹೊಡೆದಿದ್ದರು. ಪಶ್ಚಿಮದ ಎರಡು ಕಿಟಕಿಗೆ ಹಲಗೆ ಹೊಡೆದು ಮುಚ್ಚಿದ್ದರು. ಜಗಲಿಗೆ ತಗಡು ಸುತ್ತಿದ್ದರು. ಸೀಲಿಂಗಿನ ಮೊದಲ ಹಲಗೆ ಕೆಳಗೆ ಬಂದಾಗ ಧೂಳು, ಇಲಿ ಗೂಡು, ಒಣ ಎಲೆ ಎಲ್ಲ ತಲೆ ಮೇಲೆ ಬಿತ್ತು. ಧೂಳು ಇಳಿದ ಮೇಲೆ ಮೇಲೆ ನೋಡಿದರೆ ಆರು ಗಾಜಿನ ಹಂಚು! ಹೊಗೆ ಹಿಡಿದು ಕಪ್ಪಾಗಿದ್ದವು. ಅಜ್ಜಿಯ ಕಾಲದಲ್ಲಿ ಮಧ್ಯಾಹ್ನ ಅದರ ಕೆಳಗೆ ಕೂತು ಮಲ್ಲಿಗೆ ಕಟ್ಟುತ್ತಿದ್ದದ್ದು ನನಗೆ ಆಗ ನೆನಪಾಯಿತು. ಈ ಮನೆಗೆ ಬೆಳಕು ಗಾಳಿ ಹೊಸದಾಗಿ ತರುವ ಕೆಲಸವೇ ಇರಲಿಲ್ಲ. ನಡುವೆ ಬಂದವರು ಅಡ್ಡ ಇಟ್ಟದ್ದನ್ನು ತೆಗೆದರೆ ಸಾಕಿತ್ತು. ಅವತ್ತು ರಾತ್ರಿಯೇ ನಾನು ಮಾಡಿಟ್ಟಿದ್ದ ಪ್ಲಾನಿನಲ್ಲಿ ಅರ್ಧವನ್ನು ಹೊಡೆದು ಹಾಕಿದೆ. ಆಮೇಲೆ ಹದಿನೆಂಟು ತಿಂಗಳು ಇದೇ ಲೆಕ್ಕದಲ್ಲಿ ಕೆಲಸ ಮಾಡಿದೆವು.

ಜನವರಿಯಿಡೀ ಗೋಡೆ. ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ, ಗೋಡೆಗೆ ಯಾರೋ ಸಿಮೆಂಟ್ ಗಾರೆ ಮಾಡಿ, ಮೇಲೆ ಆಯಿಲ್ ಪೇಂಟ್ ಹೊಡೆದಿದ್ದರು. ನೆಲದಿಂದ ಮೂರು ಅಡಿ ಎತ್ತರದವರೆಗೆ ಪೇಂಟ್ ಗುಳ್ಳೆ ಎದ್ದು, ಒಳಗೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು. "ಇದಕ್ಕೆ ಸಿಮೆಂಟ್ ಹಾಕಿದ್ದೇ ತಪ್ಪು ಮಾರಾಯ್ರೆ. ಮುರಕಲ್ಲು ನೀರು ಎಳೀತದೆ. ಹೊರಗೆ ಹೋಗ್ಲಿಕ್ಕೆ ದಾರಿ ಇಲ್ಲದಿದ್ರೆ ಅದು ಎಲ್ಲಿಗೆ ಹೋಗ್ಬೇಕು?" ಅಂದರು ಮೇಸ್ತ್ರಿ. ಉಳಿಯಿಂದ ಇಡೀ ಸಿಮೆಂಟ್ ಕೆತ್ತಿ ತೆಗೆದೆವು. ಹತ್ತು ದಿನ ಬೇರೆ ಕೆಲಸವೇ ಇಲ್ಲ.

ಹೊರಗಿನ ಗೋಡೆಯಲ್ಲಿ ಕಲ್ಲು ಗಟ್ಟಿ ಇದ್ದ ಕಡೆ ಹಾಗೇ ಬಿಟ್ಟೆವು. ಒಳಗೆ ಚಿಪ್ಪಿನ ಸುಣ್ಣದ ಗಾರೆ. ಮರುವಾಯಿಯ (ಸಾರಿಗೆ ಹಾಕುವ ಚಿಪ್ಪುಮೀನು) ಚಿಪ್ಪು ಸುಟ್ಟು ಮಾಡಿದ ಸುಣ್ಣ ತರಿಸಿ, ಅಂಗಳದ ಗುಂಡಿಯಲ್ಲಿ ನೀರು ಹಾಕಿ ಮೂರು ವಾರ ಇಟ್ಟೆವು. ನೀರು ಬಿದ್ದ ಕೂಡಲೇ ಅದು ಕೊತಕೊತ ಕುದಿಯುತ್ತದೆ. ಹತ್ತಿರ ಯಾರೂ ಹೋಗಬಾರದು, ಕಣ್ಣಿಗೆ ಹಾರಿದರೆ ಬಹಳ ಅಪಾಯ. ಮೂರು ವಾರದ ನಂತರ ಬೆಣ್ಣೆ ಹಾಗೆ ಬಂತು. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು, ಎರಡು ಪದರ. ಸುಣ್ಣದ ಗಾರೆ ಅವಸರದವರಿಗಲ್ಲ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಎಳೆದುಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಅದಕ್ಕೇ ಮಳೆಗಾಲದಲ್ಲಿ ಈ ಕೆಲಸ ಇಟ್ಟುಕೊಳ್ಳಬಾರದು. ಫೆಬ್ರವರಿ ಮಧ್ಯಕ್ಕೆ ಮುಗಿಸಿದ್ದೇ ಒಳ್ಳೆಯದಾಯಿತು. ಈಗ ಎರಡನೇ ಮಳೆಗಾಲ ಎದುರಿಗಿದೆ, ಉಪ್ಪು ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಕಾಣುತ್ತದೆ. ಬ್ರಷ್ಷಿನಲ್ಲಿ ಉಜ್ಜಿದರೆ ಹೋಗುತ್ತದೆ.

ಮಾಡಿನ ಕೆಲಸ ಮಾರ್ಚಿಗೆ ಹಿಡಿದೆವು. ಪತ್ತನಾಜೆಯ ಒಳಗೆ ಹಂಚು ಮಗುಚಿ ಆಗಬೇಕು ಅಂತ ಮೇಸ್ತ್ರಿ ಮೊದಲೇ ಹೇಳಿದ್ದರು. ತುಳು ತಿಂಗಳ ಲೆಕ್ಕದಲ್ಲಿ ಮೇ ಕೊನೆಗೆ ಬರುವ ದಿನ ಪತ್ತನಾಜೆ, ಅದು ಕಳೆದರೆ ಮಳೆಯನ್ನು ನಂಬಲಾಗುವುದಿಲ್ಲ. ಸುಮಾರು 2,400 ಹಂಚು ಕೆಳಗಿಳಿಸಿದೆವು. ಮಾಡು ಹೊರುವ ಉದ್ದ ಮರ, ಅಂದರೆ ಪಕ್ಕಾಸಿನಲ್ಲಿ, ಹನ್ನೊಂದಕ್ಕೆ ಒರಲೆ (ಗೆದ್ದಲು) ಹಿಡಿದಿತ್ತು. ಹಂಚು ಕೂರುವ ಅಡ್ಡಪಟ್ಟಿ, ಅಂದರೆ ರೀಪು, ಮುಕ್ಕಾಲು ಪಾಲು ಹೊಸತು ಬೇಕಾಯಿತು. ಪಕ್ಕಾಸಿಗೆ ಬಂಟ್ವಾಳದ ಕಡೆ ಕೆಡವಿದ ಮನೆಯೊಂದರ ಹೆಬ್ಬಲಸಿನ ಮರ ಸಿಕ್ಕಿತು.

ಹಂಚು ತೊಳೆಯುವ ಕೆಲಸ ನಾವೇ ಮಾಡಿದೆವು. ನಾಲ್ಕು ಭಾನುವಾರ, ಆಫೀಸಿನ ಒಂಬತ್ತೂ ಜನ, ತೆಂಗಿನ ನಾರು ಮತ್ತು ಬರೀ ನೀರು. ಹಂಚಿನ ಬೆನ್ನು ಮಗುಚಿದರೆ ಅಚ್ಚು ಕಾಣುತ್ತದೆ: ಬಾಸೆಲ್ ಮಿಷನ್, ಮಂಗಳೂರು, 1865. ನಮ್ಮ ಟ್ಯಾಲಿ (ಕಂಪ್ಯೂಟರಿನ ಲೆಕ್ಕ) ನೋಡಿಕೊಳ್ಳುವ ಹುಡುಗಿ ಓಡಿ ಬಂದಳು. "ಸರ್, ಮನೆ 1865ರದ್ದಾ?" ಅಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಜರ್ಮನಿಯಿಂದ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬ ಮಿಷನರಿ ಇದೇ ಜೆಪ್ಪಿನಲ್ಲಿ, ನೇತ್ರಾವತಿಯ ದಡದ ಆವೆಮಣ್ಣು ನೋಡಿ ಮಂಗಳೂರಿನ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು ಆ ವರ್ಷ. ಹಂಚಿನಲ್ಲಿ ಆ ಇಸವಿ ಆಮೇಲೂ ಒತ್ತುತ್ತಾ ಬಂದರು. ಅಜ್ಜಿಮನೆಗೆ ಅಷ್ಟು ಪ್ರಾಯ ಇಲ್ಲ. ಆದರೆ ಈ ಮಾಡಿನ ಮಣ್ಣು ಮನೆಯ ಹತ್ತಿರದ್ದೇ ಎಂಬುದು ಅವಳಿಗೆ ಬಹಳ ಖುಷಿ ಕೊಟ್ಟಿತು. ಒಡೆದ ಒಂದು ತುಂಡನ್ನು ತೊಳೆದು ಈಗಲೂ ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ.

ಇಲ್ಲಿ ಒಂದು ತಪ್ಪು ಆಯಿತು, ನೀವು ಹಳೆ ಹಂಚು ಕೊಳ್ಳುವವರಾದರೆ ಗಮನ ಕೊಡಿ. ಒಡೆದದ್ದಕ್ಕೆ ಬದಲು 350 ಹಳೆ ಹಂಚು ತಂದೆ. ಬಣ್ಣ ಒಂದೇ, ಅಳತೆಯೂ ಹೆಚ್ಚು ಕಡಿಮೆ ಒಂದೇ. ಆದರೆ ಅವು ಬೇರೆ ಕಾರ್ಖಾನೆಯವು. ಹಂಚಿನ ಅಂಚಿನಲ್ಲಿರುವ ಕಾಲುವೆ ಒಂದೊಂದು ಕಾರ್ಖಾನೆಯದ್ದು ಒಂದೊಂದು ರೀತಿ. ಒಂದರ ಏಣು ಇನ್ನೊಂದರ ಕಾಲುವೆಗೆ ಸರಿಯಾಗಿ ಕೂರುವುದಿಲ್ಲ. ನಡುನಡುವೆ ಬೆರೆಸಿ ಹೊದೆಸಿದೆವು. ಏಪ್ರಿಲ್ ಕೊನೆಯ ಒಂದು ಸಿಡಿಲಿನ ಮಳೆಗೆ ಚಾವಡಿಯಲ್ಲಿ ಹದಿನಾಲ್ಕು ಕಡೆ ಸೋರಿತು. ಪುನಃ ಹತ್ತಿ, ಹೊಸದಾಗಿ ತಂದದ್ದನ್ನೆಲ್ಲ ಆರಿಸಿ ತೆಗೆದು, ಹಿಂದಿನ ಸಣ್ಣ ಇಳಿಜಾರಿಗೆ ಅವುಗಳನ್ನೇ ಹಾಕಿದೆವು. ಒಂದು ಇಳಿಜಾರಿಗೆ ಒಂದೇ ಕಾರ್ಖಾನೆಯ ಹಂಚು. ಮತ್ತೆ ಸೋರಲಿಲ್ಲ.

ಬೆಳಕಿಗೆ ಹಳೆಯ ಆರು ಗಾಜಿನ ಹಂಚಿನ ಜೊತೆ ಎಂಟು ಹೊಸತು ಸೇರಿಸಿದೆವು. ಸ್ನೇಹಿತರ ಹತ್ತಿರ ಬೆಳಕು ಅಳೆಯುವ ಮೀಟರ್ ತಂದು ನೋಡಿದೆ. ಆಫೀಸಿನ ಮೇಜಿಗೆ 300ರಿಂದ 500 ಲಕ್ಸ್ (ಬೆಳಕಿನ ಅಳತೆ) ಬೇಕು ಅಂತ ಲೆಕ್ಕ. ಚಾವಡಿಯ ನಡುವೆ ಮೊದಲು 60 ಇತ್ತು, ಈಗ ಬಿಸಿಲಿನ ದಿನ 320. ಜುಲೈಯ ಕಾರ್ಮೋಡಕ್ಕೆ 140ಕ್ಕೆ ಇಳಿಯುತ್ತದೆ, ಆಗ ಮೇಜಿನ ದೀಪ ಹಾಕುತ್ತೇವೆ. ಮೊದಲು ಗಾಜಿನ ಹಂಚನ್ನು ದಕ್ಷಿಣದ ಇಳಿಜಾರಿಗೆ ಹಾಕಿದ್ದೆ. ಹನ್ನೊಂದು ಗಂಟೆಗೆ ಸರಿಯಾಗಿ ಒಂದು ತುಂಡು ಬಿಸಿಲು ಒಬ್ಬರ ಕೀಬೋರ್ಡಿನ ಮೇಲೆ ಬಂದು ಕೂರುತ್ತಿತ್ತು. ಎಂಟನ್ನೂ ಉತ್ತರದ ಇಳಿಜಾರಿಗೆ ಬದಲಾಯಿಸಿದ ಮೇಲೆ ಆ ತೊಂದರೆ ಕಡಿಮೆಯಾಯಿತು. ಏಪ್ರಿಲ್ ಕೊನೆಗೆ ಮಂಗಳೂರಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಆಗಿನಿಂದ ಮಳೆ ಹಿಡಿಯುವವರೆಗೆ ಹಂಚಿನ ಕೆಳಗೆ ತೆಳು ಬಟ್ಟೆ ಕಟ್ಟುತ್ತೇವೆ.

ಗಾಳಿಯ ವಿಷಯ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಕಿಟಕಿಗಳನ್ನೆಲ್ಲ ತೆರೆದರೂ ಚಾವಡಿಯ ಪೂರ್ವದ ಮೂಲೆಯಲ್ಲಿ ಕೂತವರಿಗೆ ಬೆವರು ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಎರಡು ಗಂಟೆಗೆ ಪಶ್ಚಿಮದ ಕಿಟಕಿಯ ಹತ್ತಿರ ಊದುಬತ್ತಿ ಹಚ್ಚಿ ಹೊಗೆಯ ಹಿಂದೆ ಹೋದೆವು. ಕಡಲ ಕಡೆಯಿಂದ ಬರುವ ಗಾಳಿ ಒಳಗೆ ಬಂದು ನೇರ ಹೋಗುತ್ತಿತ್ತು, ಕಡತದ ಕಬ್ಬಿಣದ ಬೀರುಗಳಿಗೆ ಬಡಿದು ಮೇಲೆ ಏರಿ ಮಾಡಿಗೆ ಹೋಗುತ್ತಿತ್ತು. ಆ ಆರಡಿ ಎತ್ತರದ ಬೀರುಗಳನ್ನು ಸಾಲಾಗಿ ಇಟ್ಟದ್ದು ನಾನೇ, ಜಾಗ ಚಂದ ಕಾಣಲಿ ಅಂತ. ಅವನ್ನು ಉತ್ತರದ ಗೋಡೆಗೆ ಒತ್ತಿಸಿ ಇಟ್ಟ ಕೂಡಲೇ ಹೊಗೆ ಮೇಜುಗಳ ಎತ್ತರದಲ್ಲೇ ಹಾದು ಪೂರ್ವದ ಕಿಟಕಿಯಿಂದ ಹೊರಗೆ ಹೋಯಿತು. ಗುಮಾಸ್ತರು ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, "ಬಂತು" ಅಂದರು. ಖರ್ಚು ಒಂದು ಊದುಬತ್ತಿ.

ಮೇಜುಗಳನ್ನು ಕಿಟಕಿಗೆ ಅಡ್ಡವಾಗಿ ಇಟ್ಟಿದ್ದೇವೆ, ಎದುರಾಗಿ ಅಲ್ಲ. ಕಿಟಕಿ ಎದುರಿಗಿದ್ದರೆ ಕಣ್ಣಿಗೆ ಹೊಡೆಯುತ್ತದೆ, ಬೆನ್ನಿಗಿದ್ದರೆ ಕಂಪ್ಯೂಟರಿನ ಪರದೆಯಲ್ಲಿ ಕಿಟಕಿಯೇ ಕಾಣುತ್ತದೆ. ಪಕ್ಕಕ್ಕಿದ್ದರೆ ತಲೆ ತಿರುಗಿಸಿದಾಗ ಹಲಸಿನ ಮರ ಕಾಣುತ್ತದೆ. ಫ್ಯಾನು ಎಂಟು, ಎಲ್ಲ ಕಡಿಮೆ ಕರೆಂಟು ಸಾಕಾಗುವ ಬಿಎಲ್‌ಡಿಸಿ ಮೋಟರಿನವು. ಹಳೇ ಫ್ಯಾನಿಗೆ 75 ವ್ಯಾಟ್ ಆದರೆ ಇದಕ್ಕೆ 30ರ ಆಸುಪಾಸು.

ಪಶ್ಚಿಮದ ಗೋಡೆಗೆ ನೆರಳು ಬೇಕಿತ್ತು. ಏನೇನೋ ಬಳ್ಳಿಯ ಹೆಸರು ಬಂತು. ಕೊನೆಗೆ ಚಹಾ ಮಾಡುವ ಅಕ್ಕ ಹೇಳಿದ್ದೇ ಆಯಿತು: "ಬಸಳೆ ಚಪ್ಪರ ಹಾಕಿ. ನೆರಳೂ ಆಯ್ತು, ಪದಾರ್ಥಕ್ಕೂ ಆಯ್ತು." ಅಡಿಕೆ ಮರದ ಸಲಾಕೆಯ ಚಪ್ಪರ, ಕಿಟಕಿಯ ಮೇಲಿನಿಂದ ಅಂಗಳದ ಕಡೆಗೆ ಎಂಟು ಅಡಿ. ಕಡಲ ಗಾಳಿ ಅದರ ಅಡಿಯಿಂದ ಹಾದು ಒಳಗೆ ಬರುತ್ತದೆ, ಬಿಸಿಲು ಮೇಲೆಯೇ ಉಳಿಯುತ್ತದೆ. ಕೈ ತೊಳೆದ ನೀರು, ಪಾತ್ರೆ ತೊಳೆದ ನೀರು ಅದರ ಬುಡಕ್ಕೆ ಮತ್ತು ಹಿಂದಿನ ಬಾಳೆಗೆ. ಶುಕ್ರವಾರ ಸಂಜೆ ಯಾರಾದರೂ ಒಬ್ಬರು ಒಂದು ಕಟ್ಟು ಮನೆಗೆ ಕೊಂಡುಹೋಗುತ್ತಾರೆ. ಸೋಮವಾರ ಬೆಳಿಗ್ಗೆ ಮಾತು ಶುರುವಾಗುವುದೇ ಮರುವಾಯಿ ಹಾಕಿದ್ದಾ, ಹಲಸಿನ ಬೀಜವಾ ಅಂತ.

ಆಫೀಸು ಇಲ್ಲಿಗೆ ಬಂದದ್ದು ಮೇ ಮೂರನೇ ವಾರ. ಆಗ ಬಾವಿಯಲ್ಲಿ ಎರಡು ಅಡಿ ನೀರು. ಮಂಗಳೂರಿನವರಿಗೆ ಇದು ಹೊಸತಲ್ಲ, ಅಲ್ವಾ? 2019ರ ಮೇ ತಿಂಗಳಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು, ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟದ್ದು ಎಲ್ಲರಿಗೂ ನೆನಪಿರಬಹುದು. ಮಳೆ ನಾಲ್ಕು ತಿಂಗಳಲ್ಲೇ ಹೆಚ್ಚಿನದ್ದು ಬಿದ್ದು ಮುಗಿಯುತ್ತದೆ. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ತಗ್ಗಿನ ಕಡೆಗೆ ಬೇಗ ಬಿಟ್ಟೂ ಬಿಡುತ್ತದೆ.

ಲೆಕ್ಕ ಹಾಕುವುದು ನಮ್ಮ ಕಸುಬೇ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಹಿಂದಿನ ದೊಡ್ಡ ಇಳಿಜಾರಿನ ಕೆಳಗಿನ ಜಾಗ 75 ಚದರ ಮೀಟರ್. 3,500 ಮಿಲಿಮೀಟರ್ ಎಂದರೆ 2,62,500 ಲೀಟರ್. ಇದನ್ನು ನೋಡಿ ಅವಸರ ಮಾಡಿಬಿಟ್ಟೆ. ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದಂಬೆಯ ನೀರನ್ನು ಜಲ್ಲಿ, ಇದ್ದಿಲು, ಮರಳು ತುಂಬಿದ 200 ಲೀಟರಿನ ಡ್ರಮ್ಮಿಗೆ ಬಿಟ್ಟು, ಅಲ್ಲಿಂದ ಪೈಪಿನಲ್ಲಿ ನೇರ ಬಾವಿಗೆ ಕೊಟ್ಟೆ. ಜೂನ್ ಎರಡನೇ ವಾರ ಒಂದು ಗಂಟೆ ಬಿಡದೆ ಹೊಯ್ದ ಮಳೆಗೆ ಡ್ರಮ್ಮು ತುಂಬಿ ಉಕ್ಕಿತು. ಮಾವಿನ ಎಲೆ, ಕಸ, ಕೆಂಪು ನೀರು ಬಾವಿಕಟ್ಟೆ ದಾಟಿ ಒಳಗೆ ಹೋಯಿತು. ಮರುದಿನ ಕೊಡಪಾನ ಎತ್ತಿದರೆ ನೀರು ಚಹಾದ ಬಣ್ಣ, ಕೊಳೆತ ಎಲೆಯ ವಾಸನೆ. ಒಂದು ವಾರ ಕ್ಯಾನಿನ ನೀರು ತರಿಸಿದೆವು.

ಎಲ್ಲಿ ತಪ್ಪಿತು? ವರ್ಷದ ಮಳೆ ಲೆಕ್ಕ ಹಾಕಿದ್ದೆ, ಒಂದು ಗಂಟೆಯ ಮಳೆ ಲೆಕ್ಕ ಹಾಕಿರಲಿಲ್ಲ. ಗಂಟೆಗೆ 60 ಮಿಲಿಮೀಟರ್ ಬಿದ್ದರೆ ಆ ಇಳಿಜಾರಿನಿಂದ 4,500 ಲೀಟರ್. ಮಿನಿಟಿಗೆ 75 ಲೀಟರ್. ಮರಳಿನ ಡ್ರಮ್ಮಿನಲ್ಲಿ ಅಷ್ಟು ನೀರು ಇಳಿಯಲು ಸಾಧ್ಯವೇ ಇಲ್ಲ. ಬಾವಿ ಖಾಲಿ ಮಾಡಿಸಿ, ತೊಳೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿ, ಇಡೀ ವ್ಯವಸ್ಥೆ ಬದಲಾಯಿಸಿದೆವು. ಈಗ ದಂಬೆಯ ಬಾಯಿಗೇ ಸ್ಟೀಲಿನ ಜಾಳಿಗೆ ಉಂಟು. ಒಣ ದಿನಗಳ ನಂತರದ ಮೊದಲ ಮಳೆ ಮಾಡಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದು ತರುತ್ತದೆ. ಅದನ್ನು ಹಿಡಿಯಲು 100 ಲೀಟರಿನ ಬೇರೆ ಡ್ರಮ್ಮು, ಅಂದರೆ ಮೊದಲ ಒಂದು ಮಿಲಿಮೀಟರ್ ಮಳೆಗಿಂತ ಸ್ವಲ್ಪ ಜಾಸ್ತಿ. ಕೆಲವರು ಇದಕ್ಕೆ ನಾಲ್ಕು ಇಂಚಿನ ಪೈಪು ನಿಲ್ಲಿಸುತ್ತಾರೆ. ಒಂದು ಮೀಟರ್ ಪೈಪಿಗೆ ಎಂಟೇ ಲೀಟರ್ ಹಿಡಿಯುತ್ತದೆ, ಇಷ್ಟು ದೊಡ್ಡ ಮಾಡಿಗೆ ಅದು ಸಾಲದು. ಆ ಡ್ರಮ್ಮು ತುಂಬಿದ ಮೇಲೆ ನೀರು ಬಾವಿಗಲ್ಲ, ಬಾವಿಯಿಂದ ಐದು ಮೀಟರ್ ದೂರದ ಇಂಗುಗುಂಡಿಗೆ ಹೋಗುತ್ತದೆ. ಎರಡು ಮೀಟರ್ ಆಳ, ಒಳಗೆ ದೊಡ್ಡ ಕಲ್ಲು, ಮೇಲೆ ಜಲ್ಲಿ. ಉಕ್ಕಿದರೆ ತೋಟಕ್ಕೆ ಹರಿಯುವಂತೆ ಕಣಿ ಮಾಡಿದ್ದೇವೆ. ಕುಡಿಯುವ ನೀರು ಮಾತ್ರ ಯಾವಾಗಲೂ ಕುದಿಸಿಯೇ.

ಜುಲೈಯಲ್ಲಿ ಇನ್ನೊಂದು ತೊಂದರೆ. ಸಂಬಳದವರ ತೆರಿಗೆ ರಿಟರ್ನಿಗೆ ಸಾಧಾರಣವಾಗಿ 31 ಕೊನೆಯ ದಿನ. ಗಿರಾಕಿಗಳ ಫೋನು ನಿಲ್ಲುವುದಿಲ್ಲ. ಹಂಚಿನ ಮೇಲೆ ಮಳೆ ಹೊಯ್ಯುವಾಗ ಈ ಕಡೆಯವರ ಮಾತು ಆ ಕಡೆಯವರಿಗೆ ಕೇಳುವುದಿಲ್ಲ. "ಎಂತ ಸರ್, ಫಾಲ್ಸ್ ಕೆಳಗೆ ನಿಂತಿದ್ದೀರಾ?" ಅಂತ ಒಬ್ಬರು ಕೇಳಿದರು. ಇಡೀ ಚಾವಡಿಗೆ ಸೀಲಿಂಗ್ ಹಾಕುವ ಮನಸ್ಸು ನಮಗಿರಲಿಲ್ಲ, ಆ ಸದ್ದು ಎಲ್ಲರಿಗೂ ಬೇಕಿತ್ತು. ಅಜ್ಜಿ ಭತ್ತ ಇಡುತ್ತಿದ್ದ ಒಳಕೋಣೆಗೆ ಮೊದಲಿನಿಂದಲೂ ಮರದ ಮುಚ್ಚಿಗೆ ಉಂಟು. ಅದರ ಮೇಲೆ ತೆಂಗಿನ ನಾರಿನ ಚಾಪೆ ಎರಡು ಪದರ ಹಾಸಿದೆವು. ಫೋನಿನವರು ಅಲ್ಲಿಗೆ ಹೋಗುತ್ತಾರೆ.

ಸೊಳ್ಳೆಯ ವಿಷಯದಲ್ಲಿ ನಾನು ಬಹಳ ಗಟ್ಟಿ. ಮಲೇರಿಯಾ, ಡೆಂಗಿ ಎರಡೂ ಈ ಊರಿನಲ್ಲಿ ಮನೆಮನೆಗೂ ಗೊತ್ತು. ಹಸಿರು ಆಫೀಸು ಮಾಡುತ್ತೇವೆ ಅಂತ ಜನರನ್ನು ಜ್ವರಕ್ಕೆ ದೂಡಲು ಆಗುತ್ತದಾ? ಡೆಂಗಿಯ ಸೊಳ್ಳೆ ಮೊಟ್ಟೆ ಇಡುವುದು ಸ್ವಚ್ಛ ನಿಂತ ನೀರಿನಲ್ಲಿ. ಚಟ್ಟಿಯ ಕೆಳಗಿನ ತಟ್ಟೆ, ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ವಾರ, ಹತ್ತು ದಿನ ಬೇಕು. ಹಾಗಾಗಿ ಪ್ರತಿ ಶನಿವಾರ ಹನ್ನೆರಡಕ್ಕೆ ಇಬ್ಬರು ಇಡೀ ಹಿತ್ತಿಲು ಸುತ್ತಿ ನಿಂತ ನೀರನ್ನೆಲ್ಲ ಚೆಲ್ಲುತ್ತಾರೆ. ವಾರಕ್ಕೊಮ್ಮೆ ತಪ್ಪದೆ ಆದರೆ ಸೊಳ್ಳೆಗೆ ಹಾರುವಷ್ಟು ಸಮಯ ಸಿಗುವುದಿಲ್ಲ. ತಟ್ಟೆಗಳಿಗೆ ಮರಳು ತುಂಬಿದ್ದೇವೆ. ಬಾವಿಗೆ ಗಪ್ಪಿ ಮೀನು ಬಿಟ್ಟಿದ್ದೇವೆ. ಕಿಟಕಿಗೆ ಬಲೆ ಹಾಕಿದರೆ ಗಾಳಿ ಕಡಿಮೆಯಾಗುತ್ತದೆ. ಅದಕ್ಕೆ ಬಲೆಯ ಚೌಕಟ್ಟು ತೆಗೆದಿಡುವ ಹಾಗೆ ಮಾಡಿಸಿ, ಮಳೆಗಾಲ ಮತ್ತು ಅದರ ನಂತರದ ಎರಡು ತಿಂಗಳು ಮಾತ್ರ ಹಾಕುತ್ತೇವೆ.

ಸಿಡಿಲಿಗೆ ಒಂದು ರೌಟರ್ ಹೋಯಿತು. ಅರ್ತಿಂಗ್ ಗುಂಡಿ ನೋಡಿದರೆ ಒಣ ಮುರಕಲ್ಲು. ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿಸಿದೆವು. ಬೇಸಗೆಯಲ್ಲಿ ಅದಕ್ಕೂ ನೀರು ಹಾಕಬೇಕು.

ಗಿಡಗಳಲ್ಲಿ ಹೊಸತು ತಂದದ್ದು ಕಡಿಮೆ. ಹಲಸು, ಮಾವು, ಒಂದು ರೆಂಜೆ ಮರ, ಮೂಲೆಯಲ್ಲಿ ನಾಗಬನ, ಇವೆಲ್ಲ ಮೊದಲೇ ಇದ್ದವು. ಬನದ ಕಡೆಗೆ ಯಾರೂ ಕತ್ತಿ ಹಿಡಿದು ಹೋಗುವುದಿಲ್ಲ. ಹಾಗಾಗಿ ಅಲ್ಲಿ ಕೇಪಳ, ಕುಂಟಾಲ ತಾವಾಗಿಯೇ ಬೆಳೆದಿವೆ. ನಾವು ನೆಟ್ಟದ್ದು ಪುನರ್ಪುಳಿ ಎರಡು, ಕರಿಬೇವು, ನಿಂಬೆ ಮತ್ತು ಬೇಲಿಗೆ ಈಶ್ವರ ಬಳ್ಳಿ. ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋಗಿ ಬಂದ ಹುಡುಗನೊಬ್ಬ ಈ ಬಳ್ಳಿಗಾಗಿ ಹಠ ಹಿಡಿದಿದ್ದ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಜಾತಿಯ ಬಳ್ಳಿಗಳ ಮೇಲೆ. ಬಳ್ಳಿ ವಿಷದ್ದು, ಮಕ್ಕಳು ಬಾಯಿಗೆ ಹಾಕಬಾರದು.

ಮೊದಲ ಚಿಟ್ಟೆ ಬಂದದ್ದು ಆ ಬಳ್ಳಿಗಲ್ಲ, ಅಡಿಗೆ ಕೋಣೆಯ ಹೊರಗಿನ ಕರಿಬೇವಿಗೆ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಅಕ್ಕ ಒಳಗೆ ಓಡಿ ಬಂದರು. "ಎಲೆ ಮೇಲೆ ಹಕ್ಕಿ ಹಿಕ್ಕೆ ಉಂಟು ಅಂತ ಒರೆಸ್ಲಿಕ್ಕೆ ಹೋದೆ, ಅದು ತಲೆ ಎತ್ತಿತು ಮಾರಾಯ್ರೆ!" ಎಲ್ಲರೂ ಹೋದೆವು. ಕಂದು ಬಿಳಿ ಮಚ್ಚೆಯ ಸಣ್ಣ ಹುಳ, ಥೇಟ್ ಹಿಕ್ಕೆ. ಅಕ್ಕ ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಾಗ ತಲೆಯ ಹಿಂದಿನಿಂದ ಕೆಂಪಗೆ ಎರಡು ಕೊಂಬು ಹೊರಗೆ ಬಂತು, ಒಂದು ಘಾಟು ವಾಸನೆ ಬಂತು. ಕಾಮನ್ ಮಾರ್ಮನ್ ಚಿಟ್ಟೆಯ ಮರಿ. ಹತ್ತು ದಿನ ಅಕ್ಕ ಸಾರಿಗೆ ಕರಿಬೇವನ್ನು ಅಂಗಡಿಯಿಂದ ತಂದರು. 20ನೇ ತಾರೀಕಿನ ಜಿಎಸ್‌ಟಿ ಗಡಿಬಿಡಿಯ ನಡುವೆಯೂ ಒಬ್ಬರಾದ ಮೇಲೆ ಒಬ್ಬರು ಎದ್ದು ಹೋಗಿ ನೋಡಿ ಬರುತ್ತಿದ್ದರು. ಯಾರನ್ನೂ ನಾನು ತಡೆಯಲಿಲ್ಲ, ನಾನೂ ಹೋಗುತ್ತಿದ್ದೆ. ಈಶ್ವರ ಬಳ್ಳಿಗೆ ಈಗ ಕ್ರಿಮ್ಸನ್ ರೋಸ್ ಚಿಟ್ಟೆಯ ಹುಳ ಬಂದಿವೆ, ಬಳ್ಳಿಯನ್ನು ಅರ್ಧ ಮುಗಿಸಿವೆ. ಬರ್ಡ್‌ವಿಂಗ್ ಇನ್ನೂ ಬಂದಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹಂಚಿನ ಕೆಳಗೆ ಸೆಕೆ ಉಂಟು. ಗಾಳಿ, ಫ್ಯಾನು, ಬಸಳೆ ಎಲ್ಲ ಇದ್ದರೂ ಎರಡು ಗಂಟೆಗೆ ಲೆಕ್ಕದ ಮೇಲೆ ಮನಸ್ಸು ನಿಲ್ಲುವುದಿಲ್ಲ. ಎಸಿ ಹಾಕೋಣವಾ ಅಂತ ಎಲ್ಲರೂ ಕೂತು ಮಾತಾಡಿದೆವು. ಹಾಕಬೇಕಾದರೆ ಪುನಃ ಸೀಲಿಂಗ್ ಬೇಕು, ಕಿಟಕಿ ಮುಚ್ಚಬೇಕು. ಬದಲಿಗೆ ಹೊತ್ತು ಬದಲಾಯಿಸಿದೆವು. ಆ ಎರಡು ತಿಂಗಳು ಬೆಳಿಗ್ಗೆ ಏಳೂವರೆಗೆ ಶುರು, ಒಂದು ಗಂಟೆಗೆ ಮುಗಿತಾಯ. ಉಳಿದದ್ದನ್ನು ಸಂಜೆ ಬೇಕಾದವರು ಮನೆಯಿಂದ ಮಾಡುತ್ತಾರೆ. ಮಕ್ಕಳಿಗೆ ರಜೆ ಇರುವ ಸಮಯ, ಹಾಗಾಗಿ ಹೆಂಗಸರಿಗೆ ಅನುಕೂಲವೇ ಆಯಿತು. ದೂರದ ಸುರತ್ಕಲ್ಲಿನಿಂದ ಬರುವವರೊಬ್ಬರಿಗೆ ಮಾತ್ರ ಕಷ್ಟ, ಅವರಿಗೆ ಎಂಟೂವರೆ.

ಇನ್ನು ಉಳಿದಿರುವುದು ಜಗಲಿ. ತಗಡು ತೆಗೆದಿದ್ದೇವೆ, ಆದರೆ ನೆಲದ ಕಾವಿ ಎರಡು ಕಡೆ ಒಡೆದಿದೆ. ಕಾವಿ ಸಿಮೆಂಟು ಹಾಕಿ, ವಾರಕ್ಕಿಂತ ಜಾಸ್ತಿ ನೀರು ನಿಲ್ಲಿಸಿ, ತೆಂಗಿನ ಸಿಪ್ಪೆಯಲ್ಲಿ ತಿಕ್ಕಿ ಹೊಳಪು ತರುವವರು ಈಗ ಕಡಿಮೆ. ಒಬ್ಬರು ವಯಸ್ಸಾದವರು ಒಪ್ಪಿದ್ದಾರೆ, ದೀಪಾವಳಿ ಕಳೆದು ಬರುತ್ತಾರೆ.

ಬಾವಿಯ ಲೆಕ್ಕವನ್ನು ಗೋಡೆಯಲ್ಲಿ ಬರೆಯುತ್ತೇವೆ. ಅಡಿಗೊಂದು ಗಂಟು ಹಾಕಿದ ಹಗ್ಗಕ್ಕೆ ಕಲ್ಲು ಕಟ್ಟಿ, ಶನಿವಾರ ನೀರು ಚೆಲ್ಲಲು ಹೋದವರೇ ಅಳೆಯುತ್ತಾರೆ. ಕಳೆದ ವರ್ಷ ಮೇ ಮೂರನೇ ವಾರ ಎರಡು ಅಡಿ, ಅದುವರೆಗೆ ಮನೆಯಲ್ಲಿ ಯಾರೂ ಇರಲಿಲ್ಲ. ಈ ವರ್ಷ ಅದೇ ವಾರ, ಒಂಬತ್ತು ಜನ ದಿನವೂ ಬಳಸಿ, ನಾಲ್ಕೂವರೆ. ಕಳೆದ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯೂ ಚೆನ್ನಾಗಿತ್ತು, ಎಲ್ಲವನ್ನೂ ಇಂಗುಗುಂಡಿಯ ಲೆಕ್ಕಕ್ಕೆ ಬರೆಯಲು ಆಗುವುದಿಲ್ಲ. ಮೊನ್ನೆ ಶನಿವಾರ ಅಳೆದದ್ದು ಟ್ಯಾಲಿಯ ಹುಡುಗಿ. ಹಗ್ಗ ಮೇಲೆ ಎಳೆದು, ಒದ್ದೆ ಗಂಟು ಎಣಿಸಿ, ಸೀಮೆಸುಣ್ಣದಲ್ಲಿ ಬರೆದಳು: ಐದು. ರಾತ್ರಿ ಒಂದು ಮಳೆ ಬಂದಿತ್ತು.